ಕರಿ ಹಳ್ಳ, ನೀಲಿ ಹಳ್ಳ: ನಕಾಶೆಯ ಗುರುತುಗಳು ಮತ್ತು ಮಕ್ಕಳ ಜಗಳ

ನಕಾಶೆಯ ಪಾಠ ಬಂತೆಂದರೆ ನಮ್ಮ ಶಾಲೆಗಳಲ್ಲಿ ನಡೆಯುವುದು ಒಂದೇ. ಪುಸ್ತಕದಲ್ಲಿ ಒಂದು ಚೌಕಟ್ಟು, ಅದರೊಳಗೆ ಗುರುತುಗಳು, ಪಕ್ಕದಲ್ಲಿ ಅವುಗಳ ಹೆಸರು. ಅಡ್ಡಗೀಟಿನ ಗೆರೆ ರೈಲು ಹಳಿ, ನೀಲಿ ಬಣ್ಣ ನೀರು, ಹಸಿರು ಕಾಡು. ಮಕ್ಕಳು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ, ‘ಹೊಂದಿಸಿ ಬರೆಯಿರಿ’ಯಲ್ಲಿ ಪೂರ್ತಿ ಅಂಕ ತಗೋತಾರೆ. ಅದೇ ಹುಡುಗನ ಕೈಗೆ ನಿಜವಾದ ನಕಾಶೆ ಕೊಟ್ಟು ನೋಡಿ. ಒಂದು ಸಲ ತಿರುಗಿಸುತ್ತಾನೆ, ತನ್ನ ಊರಿನ ಹೆಸರು ಹುಡುಕುತ್ತಾನೆ, ಸಿಕ್ಕರೆ ಪಕ್ಕದವನಿಗೆ ತೋರಿಸುತ್ತಾನೆ, ಅಲ್ಲಿಗೆ ಮುಗೀತು. ಉಳಿದ ಗೆರೆಗಳೆಲ್ಲ ಅವನಿಗೆ ಸುಮ್ನೆ ಗೆರೆಗಳು.

ನಾನು ಧಾರವಾಡದಲ್ಲಿ ಆರು, ಏಳನೇ ತರಗತಿಗೆ ಸಮಾಜ ವಿಜ್ಞಾನ ಹೇಳುತ್ತೇನೆ. ಕೆಲವು ವರ್ಷಗಳಿಂದ ಈ ಪಾಠವನ್ನು ಶನಿವಾರದ ಬೆಳಗಿನ ಶಾಲೆಗೆ ಇಟ್ಟುಕೊಂಡು ಮೈದಾನದಲ್ಲೇ ಮಾಡುತ್ತಿದ್ದೇನೆ. ಆಟ ಆಡಿಸಿದರೆ ಮಕ್ಕಳು ಖುಷಿಯಲ್ಲಿ ಕಲೀತಾರೆ ಅಂತ ತರಬೇತಿಗಳಲ್ಲಿ ಹೇಳುತ್ತಾರೆ. ಇರಬಹುದು. ನನಗೆ ಕಂಡದ್ದು ಸ್ವಲ್ಪ ಬೇರೆ. ಓಡುವಾಗ ಮಕ್ಕಳು ಕಲಿಯುವುದು ಕಡಿಮೆನೇ. ಓಟ ಮುಗಿದ ಮೇಲೆ ಎರಡು ತಂಡ ಎದುರಾಬದುರಾ ನಿಂತು ‘ಪಾಯಿಂಟ್ ನಮ್ದು, ನಿಮ್ದಲ್ಲ’ ಅಂತ ಜಗಳ ಆಡ್ತವಲ್ಲ, ಕಲಿಯುವುದು ಆಗ. ಗುರುತು ಅಂದರೆ ನಾಲ್ಕು ಜನ ಕೂಡಿ ಒಪ್ಪಿಕೊಂಡದ್ದು, ಅಷ್ಟೇ. ಏನನ್ನು ಒಪ್ಪಿಕೊಂಡೆವು ಅಂತ ಗೊತ್ತಾಗಬೇಕಾದರೆ ಒಮ್ಮೆಯಾದರೂ ತಕರಾರು ತೆಗೆಯಬೇಕು. ಚೌಕಟ್ಟಿನ ಪಟ್ಟಿ ಬಾಯಿಪಾಠ ಮಾಡುವ ಹುಡುಗನಿಗೆ ತಕರಾರು ತೆಗೆಯಲು ಜಾಗವೇ ಇಲ್ಲ.

ಮೊದಲು ಆಡಿಸುವುದು ಜೋಡಿ ಓಟ. ಇದು ನಾನು ಹುಟ್ಟಿಸಿದ್ದಲ್ಲ. ಓರಿಯಂಟೀರಿಂಗ್ ಅಂತ ಒಂದು ಕ್ರೀಡೆ ಇದೆ, ಕೈಯಲ್ಲಿ ನಕಾಶೆ ಮತ್ತು ದಿಕ್ಸೂಚಿ ಹಿಡಿದು ಕಾಡಿನಲ್ಲಿ ನೆಟ್ಟ ಬಾವುಟಗಳನ್ನು ಒಂದೊಂದಾಗಿ ಹುಡುಕಿಕೊಂಡು ಓಡುವುದು. ನಾರ್ವೆಯಲ್ಲಿ 1897ರಲ್ಲೇ ಇದರ ಸಾರ್ವಜನಿಕ ಸ್ಪರ್ಧೆ ನಡೆದಿತ್ತು, 1961ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟವೂ ಆಯಿತು. ಆ ಆಟಕ್ಕೆ ಹೊಸದಾಗಿ ಬರುವ ಮಕ್ಕಳಿಗೆ ಗುರುತು ಕಲಿಸಲು ಇಂಥ ಓಟಗಳನ್ನು ಆಡಿಸುತ್ತಾರೆ. ನಮ್ಮಲ್ಲಿ ಅದಕ್ಕೆ ಬೇಕಾದ ಕಾರ್ಡುಗಳು ಹಳೆ ಲಗ್ನಪತ್ರಿಕೆಗಳಿಂದ ಬರುತ್ತವೆ. ದಪ್ಪ ಕಾಗದ, ಹಿಂದೆ ಬಿಳಿ, ಮನೆಮನೆಯಲ್ಲೂ ರಾಶಿ ಬಿದ್ದಿರುತ್ತದೆ. ಅರ್ಧ ಕಾರ್ಡುಗಳ ಮೇಲೆ ಗುರುತು ಬರೆಯುವುದು, ಅರ್ಧದ ಮೇಲೆ ಹೆಸರು. ಮೈದಾನದ ಆ ತುದಿಯಲ್ಲಿ ಎಲ್ಲವನ್ನೂ ಬೋರಲು ಹಾಕಿ ಒಂದೊಂದರ ಮೇಲೆ ಒಂದು ಕಲ್ಲು ಇಡಬೇಕು. ಆಷಾಢದ ಗಾಳಿಯಲ್ಲಿ ಕಲ್ಲಿಡದಿದ್ದರೆ ನಿಮ್ಮ ಪಾಠ ಪಕ್ಕದ ಹೊಲದಲ್ಲಿರುತ್ತೆ.

ತಂಡದಿಂದ ಒಬ್ಬೊಬ್ಬರೇ ಓಡಬೇಕು. ಎರಡು ಕಾರ್ಡು ತಿರುವಿ ನೋಡಬೇಕು. ಜೋಡಿ ಆದರೆ ಎತ್ತಿಕೊಂಡು ಬರುವುದು, ಇಲ್ಲದಿದ್ದರೆ ಹೇಗಿತ್ತೋ ಹಾಗೇ ಬೋರಲು ಹಾಕಿ ವಾಪಸ್ ಓಡಿ ಬಂದು ಮುಂದಿನವರ ಕೈ ಮುಟ್ಟುವುದು. ಅಲ್ಲಿಂದ ಕೂಗಿ ಹೇಳುವ ಹಾಗಿಲ್ಲ. ಈ ಒಂದು ನಿಯಮದಿಂದಲೇ ಆಟಕ್ಕೆ ರಂಗು ಬರುತ್ತದೆ. ಮೊದಮೊದಲು ಎಲ್ಲರೂ ಹುಚ್ಚು ಹಿಡಿದಂತೆ ಓಡ್ತಾರೆ. ಆಮೇಲೆ ಯಾರೋ ಒಬ್ಬಳು ಸಾಲಿನಲ್ಲಿ ನಿಂತಿದ್ದವಳೇ ನೆಲದ ಮೇಲೆ ಕಡ್ಡಿಯಿಂದ ಬರೆದಿಡಲು ಶುರು ಮಾಡುತ್ತಾಳೆ: ಎರಡನೇ ಸಾಲು, ಎಡದಿಂದ ಮೂರನೆಯದು, ಬಾಚಣಿಗೆ. ಬಾಚಣಿಗೆ ಅಂದರೆ ಕೆರೆ ಒಡ್ಡಿನ ಗುರುತು. ಗೆರೆಗೆ ಹಲ್ಲು ಮೂಡಿದ ಹಾಗಿರುತ್ತದೆ, ಅದಕ್ಕೆ ಆ ಹೆಸರು. ಓಡಲು ಬಾರದ, ಕೊಕ್ಕೊ ತಂಡಕ್ಕೆ ಯಾವತ್ತೂ ಆಯ್ಕೆಯಾಗದ ಹುಡುಗಿ ಆ ದಿನ ತಂಡದ ನಾಯಕಿ.

ಎರಡನೆಯದು ಕೆರೆ-ದಡ. ನೀವೂ ಆಡಿರುತ್ತೀರಿ. ನೆಲದ ಮೇಲೆ ಒಂದು ಗೆರೆ, ಈಚೆ ಕೆರೆ, ಆಚೆ ದಡ, ಹೇಳುವವನು ಕೆರೆ ಅಂದರೆ ಒಳಗೆ ಜಿಗಿ, ದಡ ಅಂದರೆ ಹೊರಗೆ. ನಾವು ಬಾಯಿ ಬಂದ್ ಮಾಡಿ ಬರೀ ಕಾರ್ಡು ತೋರಿಸುತ್ತೇವೆ. ದೇಶದ ಸರಕಾರಿ ನಕಾಶೆ ತಯಾರಿಸುವ ಸರ್ವೆ ಆಫ್ ಇಂಡಿಯಾದ ನಕಾಶೆಗಳಲ್ಲಿ ವರ್ಷಪೂರ್ತಿ ನೀರಿರುವ ಕೆರೆಗೆ ಒಂದು ಗುರುತು, ಒಣಗುವ ಕೆರೆಗೆ ಇನ್ನೊಂದು. ಒಣಗುವ ಕೆರೆಗೆ ನೀಲಿ ತುಂಬುವುದಿಲ್ಲ. ಬಾವಿಯಲ್ಲೂ ಹಾಗೇ, ಕಲ್ಲು ಕಟ್ಟಿದ್ದು ಬೇರೆ, ಕಟ್ಟದ್ದು ಬೇರೆ. ಹಾಗಾಗಿ ನಮ್ಮ ಕೆರೆ-ದಡದಲ್ಲಿ ನೀಲಿ ಕೆರೆ ಬಂದರೆ ಒಳಗೆ ಜಿಗಿದು ಕೈ ಬೀಸಿ ಈಜಬೇಕು. ಒಣ ಕೆರೆ ಬಂದರೆ ಒಳಗೆ ಹೋಗಬೇಕು, ಆದರೆ ಈಜುವ ಹಾಗಿಲ್ಲ. ಬಾಚಣಿಗೆ ಬಂದರೆ ಗೆರೆಯ ಮೇಲೇ ನಿಲ್ಲಬೇಕು, ಅದು ಒಡ್ಡು. ಒಣ ಕೆರೆಯಲ್ಲಿ ಈಜಿದವರು ಔಟ್. ಅರ್ಧ ತಾಸಿನಲ್ಲಿ ಮೂರು ಗುರುತು ಜೀವಮಾನಕ್ಕೆ ಕೂತುಬಿಡುತ್ತವೆ, ಯಾಕಂದರೆ ಒಣ ಕೆರೆಯಲ್ಲಿ ಈಜಿದವನನ್ನು ಗೆಳೆಯರು ವಾರಗಟ್ಟಲೆ ಆಡಿಸ್ತಾರೆ.

ಜಗಳ ಶುರುವಾದದ್ದು ಈ ಆಟದಿಂದಲೇ. ಕೆರೆ ಆಯಿತು, ಹಳ್ಳವನ್ನೂ ಸೇರಿಸೋಣ ಅಂತ ಕಾರ್ಡು ಮಾಡಿದೆವು. ಇದೇ ನಕಾಶೆಗಳಲ್ಲಿ ಸದಾ ಹರಿಯುವ ನೀರು ನೀಲಿ, ಮಳೆಗಾಲ ಬಿಟ್ಟರೆ ಬತ್ತಿ ಹೋಗುವ ಹಳ್ಳದ ಗೆರೆ ಕರಿ. ಧಾರವಾಡ ಜಿಲ್ಲೆಯ ಹಾಳೆ ಹರಡಿ ನೋಡಿ, ಕರಿ ಗೆರೆಗಳೇ ಜಾಸ್ತಿ. ಕಾರ್ಡು ನೋಡಿದ್ದೇ ತಡ, ನವಲಗುಂದ ಕಡೆಯಿಂದ ಬಂದು ಇಲ್ಲಿ ಮಾಮಾನ ಮನೆಯಲ್ಲಿ ಓದುತ್ತಿರುವ ಹುಡುಗನೊಬ್ಬ ಎದ್ದು ನಿಂತ.

‘ಸರ್, ಕರಿ ಹೆಂಗ್ರೀ? ಬೆಣ್ಣೆಹಳ್ಳ ಬಂತಂದ್ರ ಬ್ರಿಜ್ ಮ್ಯಾಲೆ ನೀರ ಹೋಗ್ತಾವ್ರಿ. ನೀಲಿನ ಹಾಕಬೇಕ್ರಿ.’

‘ಯಾವಾಗ ಬರ್ತೈತಲೇ ಅದು? ವರ್ಷಕ್ಕ ಒಂದೀಟ ದಿನ. ಉಳಿದಾಗ ಅದರಾಗ ಕ್ರಿಕೆಟ್ ಆಡ್ತೀರಿ,’ ಅಂತ ಇನ್ನೊಬ್ಬ.

ಇಬ್ಬರ ಮಾತೂ ಖರೆ. ಬೆಣ್ಣೆಹಳ್ಳ ಉಕ್ಕಿದಾಗ ಏನಾಗುತ್ತೆ ಅಂತ ನವಲಗುಂದ, ರೋಣದ ಕಡೆಯವರಿಗೆ ಹೇಳಬೇಕಾಗಿಲ್ಲ. ಎರೆ ನೆಲದಲ್ಲಿ ಮಳೆ ನೀರು ಬೇಗ ಇಂಗುವುದಿಲ್ಲ, ಎಲ್ಲ ಹಳ್ಳಕ್ಕೆ ಬರುತ್ತದೆ. ಹಾಗಂತ ಬೇಸಿಗೆಯಲ್ಲಿ ದಾರಿ ಹಿಡಿದು ಹೋಗುವವನಿಗೆ ಆ ಗೆರೆ ನೀಲಿ ಕಂಡರೆ ಅವನು ಕುಡಿಯುವ ನೀರು ಸಿಗುತ್ತೆ ಅಂತಲೇ ತಿಳಿಯುತ್ತಾನೆ. ಈ ಪ್ರಶ್ನೆಯನ್ನು ನಾನು ಬಗೆಹರಿಸಲಿಲ್ಲ. ಬಗೆಹರಿಸುವುದು ನನ್ನ ಕೆಲಸ ಅಂತಲೂ ಅನ್ನಿಸಲಿಲ್ಲ. ಯಾರ ಸಲುವಾಗಿ ಬರೆದ ನಕಾಶೆ ಇದು ಅಂತ ಕೇಳಿ ಸುಮ್ಮನಾದೆ.

ಆ ಪ್ರಶ್ನೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಸರ್ವೆ ಆಫ್ ಇಂಡಿಯಾ ಶುರುವಾದದ್ದು 1767ರಲ್ಲಿ, ಕಂಪನಿಯ ಕಾಲದಲ್ಲಿ. ಅದರ ಗುರುತುಗಳ ಪಟ್ಟಿ ನೋಡಿದರೆ ಯಾರು ಓದಲಿ ಅಂತ ಮಾಡಿದ್ದು ಅನ್ನುವುದು ತಾನಾಗೇ ಗೊತ್ತಾಗುತ್ತದೆ. ಪೊಲೀಸ್ ಠಾಣೆ, ಅಂಚೆ ಕಚೇರಿ, ತಪಾಸಣೆ ಬಂಗ್ಲೆ, ವಿಶ್ರಾಂತಿ ಗೃಹ, ಕೋಟೆ, ಗುಡಿ, ಮಸೀದಿ, ಚರ್ಚು, ಈದ್ಗಾ, ಗೋರಿ. ಫಿರತಿ ಹೊರಟ ಅಧಿಕಾರಿಗೆ, ದಂಡಿನವರಿಗೆ ಏನು ಬೇಕೋ ಅದೆಲ್ಲ ಇದೆ. ಈಗ ನಮ್ಮ ತಲಾಠಿಗಳ ಹತ್ತಿರ ಇರುವ ಗ್ರಾಮ ನಕಾಶೆ ತೆಗೆದು ನೋಡಿ. ಅಲ್ಲಿ ಗುಡ್ಡ ಎಷ್ಟು ಎತ್ತರ ಅಂತ ಯಾರಿಗೂ ಬೇಕಾಗಿಲ್ಲ. ಹೊಲದ ಸರ್ವೆ ನಂಬರು, ಬಾಂದಗಲ್ಲು, ಹಳ್ಳ, ದಾರಿ. ಎರಡು ಚುಕ್ಕೆಗೆರೆ ಜೊತೆಗೆ ಹೋದರೆ ಚಕ್ಕಡಿ ದಾರಿ, ಒಂದೇ ಚುಕ್ಕೆಗೆರೆ ಇದ್ದರೆ ಕಾಲುದಾರಿ. ಎರಡಕ್ಕೂ ಇರುವ ಫರಕು ನಮ್ಮ ತರಗತಿಯ ಹೊಲಮನೆ ಮಕ್ಕಳಿಗೆ ಪುಸ್ತಕಕ್ಕಿಂತ ಮೊದಲೇ ಗೊತ್ತಿರುತ್ತದೆ. ಯಾಕಂದರೆ ಮನೆಯಲ್ಲಿ ದಾಯಾದಿಗಳ ಜೊತೆ ವ್ಯಾಜ್ಯ ನಡೆದಿರುವುದೇ ಆ ಎರಡನೇ ಚುಕ್ಕೆಗೆರೆಯ ಬಗ್ಗೆ!

ಮೂರನೇ ಬಗೆಯ ನಕಾಶೆ ಓರಿಯಂಟೀರಿಂಗ್‌ನದು. ಇದರ ಒಂದು ಪ್ರತಿ ತೋರಿಸಿದಾಗ ಮಕ್ಕಳು ಕಕ್ಕಾಬಿಕ್ಕಿ. ಅದರಲ್ಲಿ ಕಾಡು ಬಿಳಿ. ಹೌದು, ಸಲೀಸಾಗಿ ಓಡಬಹುದಾದ ಕಾಡಿಗೆ ಬಿಳಿ ಬಣ್ಣ. ಪೊದೆ, ಕಂಟಿ ಜಾಸ್ತಿ ಇದ್ದು ಓಡಲು ಕಷ್ಟವಾದರೆ ತೆಳು ಹಸಿರು, ನುಗ್ಗಲಿಕ್ಕೇ ಆಗದಿದ್ದರೆ ಗಾಢ ಹಸಿರು. ಹಳದಿ ಅಂದರೆ ಬಯಲು. ನಮ್ಮ ಟೋಪೋಶೀಟಿನಲ್ಲಿ, ಅಂದರೆ ಸರ್ವೆ ಆಫ್ ಇಂಡಿಯಾದ ನಕಾಶೆ ಹಾಳೆಯಲ್ಲಿ, ಅದೇ ಹಳದಿ ಉಳುವ ಭೂಮಿ, ಅದೇ ಹಸಿರು ಗಿಡಮರ. ‘ಕಾಡು ಹಸರ ಇರ್ತೈತ್ರಿ, ಇವರಿಗೆ ಕಣ್ಣು ಕಾಣಂಗಿಲ್ಲೇನ್ರಿ?’ ಅಂತ ಒಬ್ಬಳು ಕೇಳಿದಳು. ಆಮೇಲೆ ಶಾಲೆ ಹಿಂದಿನ ಜಾಲಿಕಂಟಿಯಲ್ಲಿ ಒಂದು ಸುತ್ತು, ಬೇವಿನ ಮರಗಳ ಕೆಳಗೆ ಒಂದು ಸುತ್ತು ಓಡಿಸಿದೆ. ಜಾಲಿಕಂಟಿಯಲ್ಲಿ ಯಾರೂ ಓಡಲಿಲ್ಲ, ನಡೆದರು, ಅದೂ ಪಾಯಿಜಾಮ ಎತ್ತಿ ಹಿಡಿದು. ಬೇವಿನ ಕೆಳಗೆ ಎಲ್ಲರೂ ಓಡಿದರು. ಬಿಳಿ ಯಾಕೆ ಅಂತ ಮತ್ತೆ ಯಾರೂ ಕೇಳಲಿಲ್ಲ.

ಟೋಪೋಶೀಟಿನ ಬಗ್ಗೆ ಎರಡು ಮಾತು, ಶಿಕ್ಷಕರು ಯಾರಾದರೂ ಓದುತ್ತಿದ್ದರೆ ಉಪಯೋಗಕ್ಕೆ ಬರಲಿ ಅಂತ. ಒಂದು ಕಾಲದಲ್ಲಿ ಇವು ಸಿಗುವುದೇ ಕಷ್ಟ ಇತ್ತು. 2005ರ ರಾಷ್ಟ್ರೀಯ ನಕಾಶೆ ನೀತಿಯಲ್ಲಿ ಸೇನೆಗೆ ಬೇರೆ, ಜನರಿಗೆ ಬೇರೆ ಅಂತ ಎರಡು ಸರಣಿ ಮಾಡಿದರು. 2017ರಿಂದ ಜನರ ಸರಣಿಯ ಹಾಳೆಗಳನ್ನು ಆನ್‌ಲೈನ್‌ನಲ್ಲಿ ಪುಕ್ಕಟೆಯಾಗಿ ಇಳಿಸಿಕೊಳ್ಳುವ ವ್ಯವಸ್ಥೆಯೂ ಬಂತು. ಅಳತೆ 1:50,000, ಅಂದರೆ ಎರಡು ಸೆಂಟಿಮೀಟರ್‌ಗೆ ಒಂದು ಕಿಲೋಮೀಟರ್. ಹುಬ್ಬಳ್ಳಿ ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದರಲ್ಲಿ ಮೂರು ಸೆಂಟಿಮೀಟರ್. ಜಗತ್ತಿಗೇ ಉದ್ದದ ಪ್ಲಾಟ್‌ಫಾರ್ಮ್ ಬೆರಳಿನ ಎರಡು ಗೆಣ್ಣಿನಷ್ಟೂ ಇಲ್ಲ ಅಂದಾಗ ಮಕ್ಕಳು ಬೇಜಾರು ಮಾಡಿಕೊಂಡರು. ಹತ್ತು ಮೀಟರ್ ಅಗಲದ ರಸ್ತೆ ಲೆಕ್ಕ ಪ್ರಕಾರ ಮಿಲಿಮೀಟರಿನ ಐದನೇ ಒಂದು ಭಾಗ, ಕಣ್ಣಿಗೇ ಬೀಳುವುದಿಲ್ಲ. ಅದಕ್ಕೇ ರಸ್ತೆಯನ್ನು ದಪ್ಪ ಮಾಡಿ ಗುರುತಾಗಿ ಬರೆಯುತ್ತಾರೆ. ಗುರುತು ಯಾಕೆ ಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಲೆಕ್ಕ ನನಗೆ ಸಿಕ್ಕಿಲ್ಲ.

ಇನ್ನೊಂದು ಮಜಾ ಇದೆ. 75 ಡಿಗ್ರಿ ಪೂರ್ವ ರೇಖಾಂಶ ಸರಿಯಾಗಿ ಧಾರವಾಡದ ಮೇಲೆ ಹಾದು ಹೋಗುತ್ತದೆ. ಹಳೆ ಲೆಕ್ಕದ ಹಾಳೆಗಳು ಅಲ್ಲೇ ಕತ್ತರಿಸುತ್ತವೆ. ಊರಿನ ಬಹುಭಾಗ ಮತ್ತು ಹುಬ್ಬಳ್ಳಿ 48 ಎಂ 3 ನಂಬರಿನ ಹಾಳೆಯಲ್ಲಿ, ಕರ್ನಾಟಕ ವಿಶ್ವವಿದ್ಯಾಲಯ ಮತ್ತು ಕೆಲಗೇರಿ ಕೆರೆ 48 ಐ 15ರಲ್ಲಿ. ಎರಡು ಹಾಳೆ ಅಂಟಿಸದೆ ನಮ್ಮೂರು ಪೂರ್ತಿ ಕಾಣುವುದೇ ಇಲ್ಲ. ಹಾಗಾಗಿ ನಮ್ಮ ತಂಡಗಳ ಹೆಸರೂ ಎಂ ಮತ್ತು ಐ.

ಎಲ್ಲಕ್ಕಿಂತ ಕಷ್ಟದ ಗುರುತು ಎತ್ತರದ ಗೆರೆ, ಪುಸ್ತಕದಲ್ಲಿ ಸಮೋನ್ನತಿ ರೇಖೆ ಅಂತ ಇರುತ್ತದೆ. ಕಂದು ಬಣ್ಣದ ಈ ಗೆರೆ ನೆಲದ ಮೇಲೆ ಎಲ್ಲೂ ಇಲ್ಲ. ರಸ್ತೆಯನ್ನು ತೋರಿಸಬಹುದು, ಬಾವಿಯನ್ನು ತೋರಿಸಬಹುದು, ಇದನ್ನು ಏನಂತ ತೋರಿಸುವುದು? ಮುಷ್ಟಿ ಬಿಗಿದು ಗೆಣ್ಣಿನ ಸುತ್ತ ಪೆನ್ನಿನಿಂದ ಸುತ್ತುಗೆರೆ ಬರೆಯುವ ಉಪಾಯ ಎಲ್ಲ ಕಡೆ ಇದೆ, ಚೆನ್ನಾಗಿಯೂ ಇದೆ. ಆದರೆ ಅದು ಕೂತಲ್ಲೇ ಮುಗಿಯುತ್ತದೆ. ನಮ್ಮನ್ನು ಕಾಪಾಡಿದ್ದು ಗೌಂಡಿಗಳ ನೀರಿನ ಪೈಪು.

ಮನೆ ಕಟ್ಟುವಲ್ಲಿ ನೋಡಿರುತ್ತೀರಿ. ಬೆರಳು ದಪ್ಪದ ಪಾರದರ್ಶಕ ಪೈಪು, ಒಳಗೆ ನೀರು. ಆ ಗೋಡೆ ಹತ್ತಿರ ಒಬ್ಬ, ಈ ಗೋಡೆ ಹತ್ತಿರ ಒಬ್ಬ ತುದಿ ಹಿಡಿದು ನಿಂತರೆ ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಅಲ್ಲೇ ಪೆನ್ಸಿಲಿನಿಂದ ಗೀಟು. ಶಾಲೆ ಪಕ್ಕ ಮನೆ ಕಟ್ಟುತ್ತಿದ್ದ ಗೌಂಡಿಯವರೇ ಪೈಪು ಕೊಟ್ಟು, ಹಿಡಿಯುವುದನ್ನೂ ಕಲಿಸಿದರು. ‘ನಡುವ ಗುಳ್ಳಿ ಇರಬಾರ್ದು ನೋಡ್ರಿ, ಗುಳ್ಳಿ ಇದ್ರ ಲೆವೆಲ್ ಸುಳ್ಳು ಹೇಳ್ತೈತಿ. ಎರಡೂ ತುದಿಗೆ ಒತ್ತಿದ ಬೊಟ್ಟು ತಗೀಬೇಕು.’ ಪೈಪಿನ ನಡುವೆ ಸಿಕ್ಕಿಕೊಂಡ ಗಾಳಿಗುಳ್ಳೆಯನ್ನು ಬೆರಳಿನಿಂದ ತಟ್ಟಿ ತಟ್ಟಿ ತುದಿಗೆ ಓಡಿಸುವ ಕೆಲಸಕ್ಕೆ ಎರಡು ತಂಡದಲ್ಲೂ ಪೈಪೋಟಿ.

ಮೈದಾನದ ಮೂಲೆಯಲ್ಲಿ ಒಂದು ಮಣ್ಣಿನ ದಿಬ್ಬ ಇದೆ. ಒಬ್ಬ ಪೈಪಿನ ಒಂದು ತುದಿ ಹಿಡಿದು ಮೊದಲ ಗೂಟದ ಹತ್ತಿರ ನಿಲ್ಲುತ್ತಾನೆ. ಇನ್ನೊಬ್ಬಳು ಇನ್ನೊಂದು ತುದಿ ಹಿಡಿದು ದಿಬ್ಬದ ಸುತ್ತ ಹೋಗುತ್ತಾಳೆ. ನೀರು ಅದೇ ಎತ್ತರಕ್ಕೆ ಬರುವ ತನಕ ಮೇಲೆ ಹತ್ತು, ಕೆಳಗೆ ಇಳಿ, ಅಲ್ಲೊಂದು ಗೂಟ ಹೊಡಿ. ಸುತ್ತು ಪೂರ್ತಿ ಆದ ಮೇಲೆ ಗೂಟದಿಂದ ಗೂಟಕ್ಕೆ ಸುಣ್ಣದ ಪುಡಿಯ ಗೆರೆ. ಆಮೇಲೆ ಒಂದು ಮೊಳ ಕೆಳಗೆ ಎರಡನೇ ಸುತ್ತು. ಎಂ ತಂಡ ಗೂಟ ಹೊಡೆಯುವಾಗ ಐ ತಂಡ ಶಾಲೆಯ ಮಾಳಿಗೆ ಮೇಲೆ ಕೂತು, ಕೆಳಗೆ ಮೂಡುವ ಗೆರೆಗಳನ್ನು ಹಾಳೆಗೆ ಇಳಿಸುತ್ತಿತ್ತು. ಎಂ ತಂಡದ ಸುಣ್ಣದ ಎರಡು ಗೆರೆ ಒಂದು ಕಡೆ ಮುಟ್ಟಿಕೊಂಡಿದ್ದವು. ಮೇಲಿನಿಂದ ಕೂಗು: ‘ಲೇ, ಕೂಡಿಬಿಟ್ಟಾವಲೇ!’ ಒಂದೇ ಜಾಗ ಎರಡು ಎತ್ತರದಲ್ಲಿ ಇರಲಿಕ್ಕೆ ಆಗುತ್ತದೆಯೇ ಅಂತ ಮೇಲಿನವರು, ಪೈಪಿನಾಗ ಗುಳ್ಳಿ ಇತ್ತು ಅಂತ ಕೆಳಗಿನವರು. ಮತ್ತೆ ಅಳೆದರು. ಗುಳ್ಳೆ ಇತ್ತು.

ಗೆರೆ ಹತ್ತಿರ ಹತ್ತಿರ ಇದ್ದ ಕಡೆಯಿಂದ ದಿಬ್ಬ ಹತ್ತಿ ನೋಡಿ, ದೂರ ದೂರ ಇದ್ದ ಕಡೆಯಿಂದ ಹತ್ತಿ ನೋಡಿ ಅಂತ ಹೇಳಬೇಕಾಗಲೇ ಇಲ್ಲ. ತಾವೇ ಓಡಿದರು. ಮಾಳಿಗೆಯ ಹಾಳೆ ಕೈಗೆ ಕೊಟ್ಟಾಗ ಒಬ್ಬ ಹುಡುಗ ಗೆರೆಗಳು ಒತ್ತಾಗಿರುವ ಜಾಗದ ಮೇಲೆ ಬೊಟ್ಟಿಟ್ಟು, ‘ಇಲ್ಲೆ ದಮ್ ಹತ್ತತೈತ್ರಿ’ ಅಂದ.

ಎತ್ತರದ ಗೆರೆ ಅರ್ಥವಾದ ಮೇಲೆ ನಮ್ಮೂರಿನ ಹಾಳೆ ಬೇರೆಯದೇ ಹಾಳೆ. ಅದರಲ್ಲಿ ಇಪ್ಪತ್ತು ಮೀಟರ್‌ಗೆ ಒಂದು ಗೆರೆ. ಧಾರವಾಡದ ಹಳಬರು ಹೇಳುವ ಮಾತೊಂದಿದೆ, ಇಲ್ಲಿ ಕೆಲವು ಮನೆಗಳ ಒಂದು ಕಡೆಯ ಹಂಚಿನ ನೀರು ಅರಬ್ಬಿ ಸಮುದ್ರಕ್ಕೆ, ಇನ್ನೊಂದು ಕಡೆಯದು ಬಂಗಾಲ ಉಪಸಾಗರಕ್ಕೆ ಹೋಗುತ್ತದೆ ಅಂತ. ಮಾತು ಸ್ವಲ್ಪ ಉಪ್ಪು ಖಾರ ಹಚ್ಚಿದ್ದೇ ಇರಲಿ, ಊರು ಕೂತಿರುವುದು ನೀರು ಇಬ್ಭಾಗವಾಗುವ ದಿಣ್ಣೆಯ ಮೇಲೆ ಅನ್ನುವುದು ಖರೆ. ಇಲ್ಲೇ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಹೊಳೆ ಬೇಡ್ತಿಗೆ ಸೇರಿ, ಗಂಗಾವಳಿ ಅನ್ನಿಸಿಕೊಂಡು ಅಂಕೋಲಾ ಸೀಮೆಯಲ್ಲಿ ಸಮುದ್ರ ಸೇರುತ್ತದೆ. ಬೆಣ್ಣೆಹಳ್ಳದ ನೀರು ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಕೃಷ್ಣೆಯಿಂದ ಬಂಗಾಲ ಉಪಸಾಗರಕ್ಕೆ. ನಾವು ಇದನ್ನು ಬೆರಳಾಟ ಮಾಡಿದ್ದೇವೆ. ಹಾಳೆಯ ಮೇಲೆ ಕಣ್ಣುಮುಚ್ಚಿ ಒಂದು ಸೇಂಗಾಕಾಳು ಎಸೆಯುವುದು, ಬಿದ್ದ ಜಾಗದಿಂದ ಗೆರೆಗಳನ್ನು ಓದಿಕೊಂಡು ನೀರು ಎತ್ತ ಹೋಗುತ್ತದೆ ಅಂತ ತಂಡ ಒಟ್ಟಾಗಿ ಹೇಳುವುದು. ಪಶ್ಚಿಮ ಅಂದರೆ ಆ ಗೋಡೆಗೆ ಓಡು, ಪೂರ್ವ ಅಂದರೆ ಈ ಗೋಡೆಗೆ. ತಂಡದ ಎಲ್ಲರೂ ಒಂದೇ ಗೋಡೆ ಮುಟ್ಟಿದರೆ ಮಾತ್ರ ಪಾಯಿಂಟು. ಕಾಳು ದಿಣ್ಣೆಯ ಮೇಲೆ ಬಿದ್ದಾಗ ನೋಡಬೇಕು, ಅರ್ಧ ದಾರಿಗೆ ಓಡಿದವರು ವಾಪಸ್ ಬಂದು ಮತ್ತೆ ಹಾಳೆ ಮೇಲೆ ಬಗ್ಗುತ್ತಾರೆ.

ಮೈದಾನ ಬಿಡುವ ಹಾಗಿಲ್ಲದ ಶಾಲೆ ಇರುತ್ತೆ, ಗಂಟೆ ಬಾರಿಸುವ ಮುಖ್ಯೋಪಾಧ್ಯಾಯರು ಇರುತ್ತಾರೆ, ಸಿಲೆಬಸ್ ಅಂತೂ ಇದ್ದೇ ಇದೆ. ಜೂನ್, ಜುಲೈನಲ್ಲಿ ಎರೆಮಣ್ಣು ಕಾಲಿಗೆ ಮೆತ್ತಿಕೊಂಡು ಚಪ್ಪಲಿಯೇ ಎದ್ದು ಬರುವುದಿಲ್ಲ, ಆಗ ಓಟ ಎಲ್ಲಿಂದ? ಜೋಡಿ ಓಟವನ್ನು ವರಾಂಡದಲ್ಲೂ ಆಡಿಸಬಹುದು. ಉಳಿದದ್ದು ಆಗುವುದಿಲ್ಲ.

ಈ ವರ್ಷ ಮಕ್ಕಳು ಶಾಲೆಯ ಸುತ್ತಲಿನ ಓಣಿಗಳ ನಕಾಶೆಯನ್ನು ತಾವೇ ಬರೆಯುತ್ತಿದ್ದಾರೆ. ಗುರುತುಗಳೂ ಅವರವೇ. ಗಿರಣಿಗೆ ಒಂದು, ಹಾಲಿನ ಡೇರಿಗೆ ಒಂದು, ಬನ್ನಿಗಿಡದ ಕಟ್ಟೆಗೆ ಒಂದು. ನಾಯಿ ಬೆನ್ನತ್ತುವ ಓಣಿಗೆ ಹಲ್ಲಿನ ಗುರುತು, ಇದು ಸರ್ವೆ ಆಫ್ ಇಂಡಿಯಾದವರಿಗೂ ಹೊಳೆದಿರಲಿಕ್ಕಿಲ್ಲ. ಹೊಸ ಗುರುತು ಸೇರಿಸಬೇಕಾದರೆ ಎರಡೂ ತಂಡ ಒಪ್ಪಬೇಕು, ಬೇರೆ ತರಗತಿಯ ಒಬ್ಬರು ಪಟ್ಟಿ ನೋಡಿಕೊಂಡು ಆ ಜಾಗಕ್ಕೆ ಹೋಗಿ ಮುಟ್ಟಿ ಬರಬೇಕು. ಮುಟ್ಟಲು ಆಗದಿದ್ದರೆ ಗುರುತು ರದ್ದು.

ಹಳ್ಳದ ಹಳೆ ಪ್ರಶ್ನೆ ಇಲ್ಲಿ ಮತ್ತೆ ಎದ್ದಿತು, ಶಾಲೆ ಹಿಂದೆಯೇ ಒಂದು ಹಳ್ಳ ಇದೆ. ಕರಿಯೋ ನೀಲಿಯೋ ಅಂತ ಒಂದು ಪೂರ್ತಿ ಶನಿವಾರ ಹೋಯಿತು. ಕೊನೆಗೆ ಐ ತಂಡದವಳೊಬ್ಬಳು ನೀಲಿ ಗೆರೆಯನ್ನೇ ತುಂಡು ತುಂಡಾಗಿ ಬರೆಯೋಣ ಅಂದಳು, ನೀರು ಇದ್ದಾಗ ಇದ್ದಂಗ, ಇಲ್ಲದಾಗ ಇಲ್ಲದಂಗ. ಓರಿಯಂಟೀರಿಂಗ್ ನಕಾಶೆಗಳಲ್ಲೂ ಮಳೆಗಾಲದ ಸಣ್ಣ ಹಳ್ಳಕ್ಕೆ ಇರುವುದು ತುಂಡು ನೀಲಿ ಗೆರೆಯೇ. ಅದನ್ನು ಅವಳಿಗೆ ತೋರಿಸಿದಾಗ ‘ನಮ್ಮದನ್ನ ಅವರೂ ಹಾಕ್ಯಾರ’ ಅಂತ ಎಲ್ಲರಿಗೂ ಹೇಳಿಕೊಂಡು ಬಂದಳು.

ಅಷ್ಟಕ್ಕೆ ಮುಗಿಯಲಿಲ್ಲ. ಹಳ್ಳದ ಗುಂಟ ನಡೆದು ನೋಡಿ ಬಂದ ಎಂ ತಂಡ ಹೊಸ ತಕರಾರು ತಂದಿದೆ. ಮೇಲಿನ ಬಡಾವಣೆಯ ಗಟಾರ ಬಂದು ಕೂಡುವ ತನಕ ತುಂಡು ಗೆರೆ ಸರಿ, ಅಲ್ಲಿಂದ ಮುಂದೆ ಬೇಸಿಗೆಯಲ್ಲೂ ಹರಿಯುತ್ತದೆ, ಹಾಗಾಗಿ ಅಖಂಡ ನೀಲಿ ಹಾಕಬೇಕು ಅಂತ ಅವರ ವಾದ. ಅದು ನೀರೇ ಅಲ್ಲ, ನೀಲಿ ಹಾಕಿದರೆ ನೋಡಿದವರು ಕುಡಿಯಲು ಹೋಗ್ತಾರೆ ಅಂತ ಐ ತಂಡ. ಇಬ್ಬರೂ ಕೂಡಿ ಈಗ ನೀಲಿಯೂ ಅಲ್ಲದ ಕರಿಯೂ ಅಲ್ಲದ ಬಣ್ಣ ಕೇಳುತ್ತಿದ್ದಾರೆ. ಕಂದು ಕೊಡೋಣ ಅಂದರೆ ಅದು ಎತ್ತರದ ಗೆರೆಗೆ ಹೋಗಿದೆ, ಸ್ಕೆಚ್ ಪೆನ್ ಡಬ್ಬಿಯಲ್ಲಿ ಉಳಿದಿರುವುದು ಗುಲಾಬಿ ಒಂದೇ.